ಶೆಟ್ಟಿಹಳ್ಳಿಯ ಚರಂಡಿಗೆ ಉತ್ತರ ಕೊಡಬೇಕಾದವರು ಯಾರು?

ಜೋರು ಮಳೆ ಬಂದರೆ ತುಮಕೂರಿನ ಶೆಟ್ಟಿಹಳ್ಳಿ ರೈಲ್ವೆ ಅಂಡರ್‌ಪಾಸ್‌ನಲ್ಲಿ ನೀರು ನಿಲ್ಲುತ್ತದೆ. ದೂರು ಹೇಳಲು ಹೊರಟವರು ಇದು ಯಾರ ಕೆಲಸ ಎಂದೇ ಮೊದಲು ಹುಡುಕಬೇಕು. ಹಳಿ ರೈಲ್ವೆಯವರದು. ಬಡಾವಣೆಯ ನೀರು ಹೊತ್ತು ತರುವ ಚರಂಡಿ ಮಹಾನಗರ ಪಾಲಿಕೆಯದು. ನಗರದ ಎಷ್ಟೋ ರಸ್ತೆಗಳನ್ನು ಅಗೆದು ಮತ್ತೆ ಕಟ್ಟಿದ್ದು ಸ್ಮಾರ್ಟ್ ಸಿಟಿ ಕಂಪನಿ. ಇವೆಲ್ಲವನ್ನೂ ಒಟ್ಟಿಗೆ ಇಟ್ಟುಕೊಂಡು, ನಾಲ್ಕು ಜನರ ಎದುರು ಕೇಳಬಹುದಾಗಿದ್ದ ಜಾಗ ಪಾಲಿಕೆಯ ಸಾಮಾನ್ಯ ಸಭೆ. ಆ ಸಭೆಯಲ್ಲಿ ಕೂರುತ್ತಿದ್ದ ಚುನಾಯಿತ ಸದಸ್ಯರ ಅವಧಿ 2024ರ ಜನವರಿಯಲ್ಲೇ ಮುಗಿಯಿತು. ಆ ವರ್ಷ ಕಳೆದು 2025 ಬಂದರೂ ಚುನಾವಣೆ ನಡೆಯಲಿಲ್ಲ. ಅಧಿಕಾರ ಆಡಳಿತಾಧಿಕಾರಿಯ ಕೈಗೆ ಹೋಯಿತು.

ಸಭೆ ಇದ್ದಾಗ ಎಲ್ಲವೂ ಚೆನ್ನಾಗಿತ್ತು ಎಂದು ನಾನು ಹೇಳಲಾರೆ. 2018ರ ಚುನಾವಣೆಯಲ್ಲಿ 35 ವಾರ್ಡ್‌ಗಳ ಪೈಕಿ ಬಿಜೆಪಿಗೆ 12, ಕಾಂಗ್ರೆಸ್ ಮತ್ತು ಜೆಡಿಎಸ್‌ಗೆ ತಲಾ 10, ಪಕ್ಷೇತರರಿಗೆ 3 ಸ್ಥಾನ ಬಂದವು. ಯಾರಿಗೂ ಬಹುಮತ ಇಲ್ಲದ ಮೇಲೆ ಮೇಯರ್ ಪೀಠ ಹೊಂದಾಣಿಕೆಯ ಲೆಕ್ಕಕ್ಕೆ ಬಿತ್ತು. ಅದರ ಜೊತೆಗೆ ಆ ಪೀಠದ ಅವಧಿ ಒಂದೇ ವರ್ಷ. ಕಡತಗಳ ದಾರಿ ತಿಳಿಯುವಷ್ಟರಲ್ಲಿ ಮೇಯರ್ ಮಾಜಿಯಾಗಿರುತ್ತಾರೆ.

1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ ಕಾರ್ಯಾಂಗದ ಅಧಿಕಾರವನ್ನು ಕೊಟ್ಟಿರುವುದೂ ಮೇಯರ್‌ಗಲ್ಲ, ಸರ್ಕಾರ ನೇಮಿಸುವ ಆಯುಕ್ತರಿಗೆ. ಸದಸ್ಯರ ಕೈಯಲ್ಲಿರುವುದು ಸಭೆ ಮತ್ತು ನಾಲ್ಕು ಸ್ಥಾಯಿ ಸಮಿತಿಗಳು: ತೆರಿಗೆ ಮತ್ತು ಹಣಕಾಸು, ಆರೋಗ್ಯ ಮತ್ತು ಶಿಕ್ಷಣ, ನಗರ ಯೋಜನೆ, ಲೆಕ್ಕಪತ್ರ. ಬಜೆಟ್ ಹಣಕಾಸು ಸಮಿತಿಯ ಮೂಲಕ ಬರುತ್ತದೆ. ವಾರ್ಡಿನ ಚರಂಡಿ ಕೆಲಸ ಎಂಜಿನಿಯರ್ ಬರೆಯುವ ಅಂದಾಜು ಪಟ್ಟಿಯಲ್ಲಿ ಹುಟ್ಟಿ, ಕ್ರಿಯಾ ಯೋಜನೆಗೆ ಸೇರಿ, ಮಂಜೂರಾತಿ ಪಡೆದು ಟೆಂಡರ್‌ಗೆ ಹೋಗುತ್ತದೆ.

ಕಾಗದದ ಮೇಲೆ ಇದು ಚೆಂದದ ವ್ಯವಸ್ಥೆ. ನಮ್ಮ ಸ್ಥಳೀಯ ಸಂಸ್ಥೆಗಳ ಸಭೆಗಳ ವಿಷಯ ಸೂಚಿ ತಿರುವಿದವರಿಗೆ ಪದೇ ಪದೇ ಕಣ್ಣಿಗೆ ಬೀಳುವ ಮಾತು ಬೇರೆ: ‘ಘಟನೋತ್ತರ ಅನುಮೋದನೆ’. ಕೆಲಸ ಆಗಿದೆ, ಹಣ ಖರ್ಚಾಗಿದೆ, ಈಗ ಸಭೆ ಒಪ್ಪಬೇಕು. ತುರ್ತು ಸಂದರ್ಭಕ್ಕೆಂದು ಇರುವ ಬಾಗಿಲು ಅದು. ರೂಢಿಯಾಗಿಬಿಟ್ಟರೆ ಸಭೆಗೆ ಉಳಿಯುವುದು ಕೈ ಎತ್ತುವ ಕೆಲಸ ಮಾತ್ರ. ಇಷ್ಟಾದರೂ ಒಬ್ಬ ಸದಸ್ಯ ಎದ್ದು ನಿಂತು ‘ಇದಕ್ಕೆ ಇಷ್ಟು ಹಣ ಯಾಕಾಯಿತು’ ಎಂದು ಕೇಳಿದರೆ ಅಧಿಕಾರಿ ಉತ್ತರಿಸಬೇಕಿತ್ತು. ಪ್ರಶ್ನೆಯೂ ಉತ್ತರವೂ ನಡಾವಳಿಗೆ ಸೇರುತ್ತಿದ್ದವು, ಮರುದಿನ ಪತ್ರಿಕೆಯಲ್ಲಿ ಬರುತ್ತಿದ್ದವು. ಆಡಳಿತಾಧಿಕಾರಿಯ ಕಾಲದಲ್ಲಿ ಸಭೆ, ಸ್ಥಾಯಿ ಸಮಿತಿ, ಮೇಯರ್ ಎಲ್ಲರ ಅಧಿಕಾರವೂ ಒಬ್ಬರದೇ. ಅಧಿಕಾರಿ ಎಷ್ಟೇ ದಕ್ಷರಿರಲಿ, ಕೇಳುವವರೂ ಒಪ್ಪುವವರೂ ಅವರೇ ಆದಾಗ ಕಾರಣ ಹೇಳಬೇಕಾದ ಸಂದರ್ಭವೇ ಬರುವುದಿಲ್ಲ.

ಸಂವಿಧಾನದ 243-ಯು ವಿಧಿ ಇಲ್ಲಿ ಯಾವ ಗೊಂದಲಕ್ಕೂ ಎಡೆ ಕೊಟ್ಟಿಲ್ಲ: ಐದು ವರ್ಷದ ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಿರಬೇಕು. ಕಿಶನ್ ಸಿಂಗ್ ತೋಮರ್ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಅದನ್ನೇ. ಚುನಾವಣೆ ಮುಂದೂಡಲು ಕೊಡುವ ವಾರ್ಡ್ ಮರುವಿಂಗಡಣೆ, ಮೀಸಲಾತಿ ಪಟ್ಟಿ ಎಂಬ ಕಾರಣಗಳು ಅವಧಿ ಮುಗಿಯುವ ದಿನಾಂಕದಷ್ಟೇ ಮುಂಚಿತವಾಗಿ ಸರ್ಕಾರಕ್ಕೆ ಗೊತ್ತಿರುತ್ತವೆ. ಆದರೂ ಬೆಂಗಳೂರು 2020ರ ಸೆಪ್ಟೆಂಬರ್‌ನಿಂದ ಕಾರ್ಪೊರೇಟರ್‌ಗಳಿಲ್ಲದೆ ವರ್ಷಗಳನ್ನು ಕಳೆಯಿತು. ಯಾವ ಪಕ್ಷ ಆಳಿದರೂ ಈ ವಿಳಂಬ ಶಾಸಕರಿಗೆ ಅನುಕೂಲ. ಕಾರ್ಪೊರೇಟರ್ ಇಲ್ಲದಾಗ ವಾರ್ಡಿನ ಅನುದಾನದ ಮೇಲೆ ಇನ್ನೊಬ್ಬರ ಹಕ್ಕು ಇರುವುದಿಲ್ಲ. ವಿಳಂಬಕ್ಕೆ ನಿಜವಾದ ಕಾರಣ ಅದೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಚುನಾವಣೆಯೊಂದೇ ಸಾಲದು. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ನಗರದಲ್ಲಿ ವಾರ್ಡ್ ಸಮಿತಿ ಇರಬೇಕು ಎನ್ನುತ್ತದೆ ಸಂವಿಧಾನ. 2011ರ ಜನಗಣತಿಯಲ್ಲೇ ತುಮಕೂರು ಆ ಗಡಿ ದಾಟಿದೆ. ರಾಜ್ಯದ ಕಾನೂನಿನ ಪ್ರಕಾರ ಆ ಸಮಿತಿಯಲ್ಲಿ ವಾರ್ಡಿನ ಸದಸ್ಯರ ಜೊತೆ ಹತ್ತು ಮಂದಿ ನಿವಾಸಿಗಳು ಕೂರಬೇಕು. ಅವರಲ್ಲಿ ಮಹಿಳೆಯರು, ಪರಿಶಿಷ್ಟರು, ನಿವಾಸಿಗಳ ಸಂಘದವರು ಇರಲೇಬೇಕು. ಮಂಗಳೂರಿನಲ್ಲಿ ಇಂಥ ಸಮಿತಿಗಳಿಗಾಗಿ ನಾಗರಿಕರು ಹೈಕೋರ್ಟ್ ಮೆಟ್ಟಿಲೇರಬೇಕಾಯಿತು. ಇಂಥ ಸಮಿತಿ ಬೇಕಿರುವುದು ಇದಕ್ಕೇ: ಯಾವ ಮೋರಿ ಕಟ್ಟಿಕೊಂಡಿದೆ, ಯಾವ ಬೀದಿಗೆ ಹೇಮಾವತಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂಬುದು ಶೆಟ್ಟಿಹಳ್ಳಿಯ ಮನೆಯವರಿಗೆ ತಿಳಿದಷ್ಟು ಯಾವ ಕಡತಕ್ಕೂ ತಿಳಿದಿರುವುದಿಲ್ಲ.

ಸದಸ್ಯರಿಲ್ಲದ ಕಾಲದಲ್ಲೂ ಬೆಂಗಳೂರಿನಲ್ಲಿ ವಾರ್ಡಿಗೊಬ್ಬ ನೋಡಲ್ ಅಧಿಕಾರಿಯನ್ನು ನೇಮಿಸಿ ಸಮಿತಿ ಸಭೆ ನಡೆಸಿದ್ದುಂಟು. ತುಮಕೂರಿನಲ್ಲಿ ಅಷ್ಟನ್ನು ಮಾಡಲು ಚುನಾವಣಾ ದಿನಾಂಕಕ್ಕೆ ಕಾಯಬೇಕಿಲ್ಲ. ಆಡಳಿತಾಧಿಕಾರಿ ಮಂಜೂರು ಮಾಡುವ ಪ್ರತಿ ಕಾಮಗಾರಿಯ ವಾರ್ಡು, ಮೊತ್ತ, ಗುತ್ತಿಗೆದಾರರ ಹೆಸರು, ಮುಗಿಯಬೇಕಾದ ದಿನಾಂಕವನ್ನು ತಿಂಗಳಿಗೊಮ್ಮೆ ಆಯಾ ಬಡಾವಣೆಯಲ್ಲೇ ಪ್ರಕಟಿಸಲು ಒಂದು ಸುತ್ತೋಲೆ ಸಾಕು.