ಕುಡಿಯುವ ನೀರು: ಹೊಸ ಔಷಧಿ ಬಂತು, ಅಳತೆ ಎಲ್ಲಿ?



ಬೆಳೆಗೆ ಸಿಂಪಡಿಸುವ ಔಷಧಿಯನ್ನು ಒಂದು ಲೀಟರು ನೀರಿಗೆ ಎಷ್ಟು ಮಿಲಿ ಹಾಕಬೇಕೆಂದು ತಾವು ಕೇಳಿ ತಿಳಿದೇ ಬಳಸುತ್ತೀರಿ. ಊರಿನ ಟ್ಯಾಂಕಿಗೆ ಎಷ್ಟು ಬ್ಲೀಚಿಂಗ್ ಪುಡಿ ಬೀಳುತ್ತಿದೆ, ಅದರ ಸತ್ವದಲ್ಲಿ ಎಷ್ಟು ಪಾಲು ನಿಮ್ಮ ಮನೆಯ ನಲ್ಲಿಯನ್ನು ತಲಪುತ್ತಿದೆ ಎಂದು ಕೇಳಿದವರು ಎಷ್ಟು ಮಂದಿ?

ಈಗ ಇದನ್ನು ಕೇಳಲೇಬೇಕಾಗಿದೆ. 2022ರಲ್ಲಿ ರಾಯಚೂರು ನಗರದಲ್ಲಿ, 2023ರ ಜೂನ್ ತಿಂಗಳಲ್ಲಿ ಕೊಪ್ಪಳ ಜಿಲ್ಲೆಯ ಬಸರಿಹಾಳದಲ್ಲಿ, ಅದೇ ವರ್ಷ ಆಗಸ್ಟ್ ಮೊದಲ ವಾರ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ವಾಂತಿಭೇದಿ ಹಬ್ಬಿ ಜನ ಪ್ರಾಣ ಕಳೆದುಕೊಂಡರು. ಮೂರು ಕಡೆಯೂ ಸಂಶಯ ಬಿದ್ದದ್ದು ಕುಡಿಯುವ ನೀರಿನ ಮೇಲೆ. ಕವಾಡಿಗರಹಟ್ಟಿ ಒಂದರಿಂದಲೇ ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಬೇಕಾಯಿತು.

ಇನ್ನೊಂದು ಕಡೆ ನೋಡಿದರೆ ನಲ್ಲಿಗಳ ಸಂಖ್ಯೆ ಬಹಳವಾಗಿ ಏರಿದೆ. 2019ರ ಆಗಸ್ಟ್ 15ರಂದು ಜಲ ಜೀವನ್ ಮಿಷನ್ ಸಾರಿದಾಗ ದೇಶದ ಹಳ್ಳಿಗಳಲ್ಲಿ ನಲ್ಲಿ ಇದ್ದ ಮನೆಗಳು ಸುಮಾರು 3.23 ಕೋಟಿ. ಇಂದು ಅವು 15 ಕೋಟಿಯನ್ನು ದಾಟಿವೆ. ತಲೆಗೆ ದಿನಕ್ಕೆ 55 ಲೀಟರು ಕೊಡುವುದು ಗುರಿ. 2024ಕ್ಕೆ ಮುಗಿಯಬೇಕಿದ್ದ ಯೋಜನೆಯ ಅವಧಿಯನ್ನು 2028ರವರೆಗೆ ಮುಂದೂಡಲಾಗಿದೆ. ನಲ್ಲಿ ಹಾಕಿಸಿದ್ದನ್ನು ಎಣಿಸುವುದು ಸುಲಭ. ಅದರಲ್ಲಿ ಬರುವ ನೀರು ಪ್ರತಿದಿನವೂ ಶುದ್ಧವೇ ಎಂದು ನೋಡುವುದು ದಿನನಿತ್ಯದ ದುಡಿಮೆ. ನಾವು ಹಿಂದೆ ಬಿದ್ದಿರುವುದು ಇಲ್ಲಿಯೇ.

ಹಳ್ಳಿಯ ನೀರು ಕೆಡುವ ಬಗೆಯನ್ನು ತಿಳಿಯಿರಿ. ನಮ್ಮಲ್ಲಿ ಇಪ್ಪತ್ತನಾಲ್ಕು ಗಂಟೆ ನೀರು ಬಿಡುವ ಊರುಗಳು ವಿರಳ. ನೀರು ನಿಂತೊಡನೆ ಕೊಳವೆ ಬರಿದಾಗುತ್ತದೆ. ಚರಂಡಿಯ ಪಕ್ಕದಲ್ಲಿ ಎಲ್ಲಾದರೂ ಅದು ಸೀಳಿದ್ದರೆ ಕೊಳಚೆ ಒಳಕ್ಕೆ ಸೇರಿಕೊಳ್ಳುತ್ತದೆ. ಮರುದಿನ ಬಿಟ್ಟ ನೀರು ಅದನ್ನು ಮನೆ ಮನೆಗೆ ಹಂಚುತ್ತದೆ. ಆದುದರಿಂದಲೇ ಟ್ಯಾಂಕಿನಲ್ಲಿ ರೋಗಾಣು ಸತ್ತರೆ ಸಾಲದು, ಕೊನೆಯ ನಲ್ಲಿಯಲ್ಲೂ ಕಾವಲಿಗೆಂದು ಸ್ವಲ್ಪ ಕ್ಲೋರಿನ್ ಉಳಿದಿರಬೇಕು. ಭಾರತೀಯ ಮಾನಕದ ಪ್ರಕಾರ ಅದು ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ.

ಹಳೆಯ ಪುಡಿಯ ಲೆಕ್ಕ

ಹೊಸ ಬ್ಲೀಚಿಂಗ್ ಪುಡಿಯಲ್ಲಿ ನೂರಕ್ಕೆ ಸುಮಾರು 33 ಪಾಲು ಕ್ಲೋರಿನ್ ಇರುತ್ತದೆ. ಗಾಳಿ, ಬಿಸಿಲು, ತೇವ ತಗಲಿದರೆ ಈ ಸತ್ವ ಹಾರಿಹೋಗುತ್ತದೆ. 10,000 ಲೀಟರಿನ ಟ್ಯಾಂಕಿಗೆ ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಸಿಗಬೇಕಾದರೆ 60 ಗ್ರಾಂ ಹೊಸ ಪುಡಿ ಸಾಕು. ಬಾಯಿ ಬಿಚ್ಚಿಟ್ಟ ಚೀಲದ ಪುಡಿಯಲ್ಲಿ ಸತ್ವ 15 ಪಾಲಿಗೆ ಇಳಿದಿದ್ದರೆ ಅದೇ 60 ಗ್ರಾಂನಿಂದ ಸಿಗುವುದು ಅರ್ಧಕ್ಕಿಂತ ಕಡಿಮೆ. ನೀರುಗಂಟಿ ದಿನವೂ ತಪ್ಪದೆ ಪುಡಿ ಹಾಕಿರುತ್ತಾನೆ, ಆದರೂ ಕೊನೆಯ ಬೀದಿಗೆ ಕಾವಲು ಇರುವುದಿಲ್ಲ. ಪುಡಿಯನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ತಂಪಾದ ಒಣ ಜಾಗದಲ್ಲಿ ಇಡತಕ್ಕದ್ದು. ಬಕೆಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿಯನ್ನು ಮಾತ್ರ ಟ್ಯಾಂಕಿಗೆ ಸುರಿಯಬೇಕು. ಅರ್ಧ ಗಂಟೆಯಾದರೂ ಬಿಟ್ಟು ಅನಂತರ ನೀರು ಹರಿಸಬೇಕು.

ಹೊಸ ಔಷಧಿಯ ಗುಣ ದೋಷ

ಈಚೆಗೆ ಕೋಳಿ ಫಾರಂಗಳಿಗೂ ಹಾಲಿನ ಘಟಕಗಳಿಗೂ ‘ಕ್ಲೋರಿನ್ ಡೈಆಕ್ಸೈಡ್’ ಎಂಬ ಔಷಧಿ ಬಂದಿದೆ. ಗುಳಿಗೆಯಾಗಿಯೂ ಎರಡು ಬಾಟಲಿಗಳ ದ್ರಾವಣವಾಗಿಯೂ ಇದು ದೊರೆಯುತ್ತದೆ. ಹೆಸರಿನಲ್ಲಿ ಕ್ಲೋರಿನ್ ಇದ್ದರೂ ಇದರ ಗುಣ ಬೇರೆ. ಕ್ಷಾರದ ನೀರಿನಲ್ಲಿ ಕ್ಲೋರಿನ್ನಿನ ಶಕ್ತಿ ಕುಗ್ಗುತ್ತದೆ, ಇದರ ಶಕ್ತಿ ಅಷ್ಟಾಗಿ ಕುಗ್ಗುವುದಿಲ್ಲ. ಕೊಳವೆಯ ಒಳಮೈಗೆ ಅಂಟಿದ ಲೋಳೆ ಪಾಚಿಯನ್ನೂ ಹೆಚ್ಚು ಚೆನ್ನಾಗಿ ಭೇದಿಸುತ್ತದೆ. ಇದು ಎಷ್ಟು ಪ್ರಬಲವೆಂದರೆ 2001ರಲ್ಲಿ ಅಮೆರಿಕದ ಸೆನೆಟ್ ಕಚೇರಿಯ ಕಟ್ಟಡಕ್ಕೆ ಅಂಚೆಯ ಮೂಲಕ ಆಂಥ್ರಾಕ್ಸ್ ರೋಗಾಣು ಬಂದಾಗ, ಈ ಅನಿಲವನ್ನು ತುಂಬಿಯೇ ಅಲ್ಲಿನ ಕೋಣೆಗಳನ್ನು ಶುದ್ಧಿ ಮಾಡಿದರು.

ದೋಷಗಳನ್ನೂ ಅರಿಯಬೇಕು. ಈ ಅನಿಲವನ್ನು ಸಿಲಿಂಡರಿನಲ್ಲಿ ತುಂಬಿಡಲಾಗದು, ಸಾಂದ್ರವಾದರೆ ಸ್ಫೋಟಿಸುತ್ತದೆ. ಬೇಕಾದಾಗ ಬೇಕಾದಲ್ಲೇ ತಯಾರಿಸಬೇಕು. ನೀರಿನಲ್ಲಿ ಇದು ಕ್ಲೋರೈಟ್ ಎಂಬ ಶೇಷವನ್ನು ಬಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಹಾಕಿರುವ ಮಿತಿ ಲೀಟರಿಗೆ 0.7 ಮಿಲಿಗ್ರಾಂ. ಬ್ಲೀಚಿಂಗ್ ಪುಡಿಗಿಂತ ಇದು ದುಬಾರಿಯೂ ಹೌದು. ಇದನ್ನೇ ಸರ್ವರೋಗಕ್ಕೂ ಮದ್ದೆಂದು ಕುಡಿಸಿ ಹಣ ಮಾಡಿದವರು ಹೊರದೇಶಗಳಲ್ಲಿ ಇದ್ದಾರೆ. ಇಂಥ ದ್ರಾವಣವನ್ನು ಕುಡಿಯಬಾರದೆಂದು ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ 2010ರಲ್ಲಿಯೂ 2019ರಲ್ಲಿಯೂ ಎಚ್ಚರಿಸಿತು. ಇದು ನೀರನ್ನು ಶುದ್ಧಿ ಮಾಡುವ ವಸ್ತು, ಹೊಟ್ಟೆಗೆ ಕೊಡುವ ಮದ್ದಲ್ಲ.

ಹಾಗಾದರೆ ಬಳಸುವುದು ಎಲ್ಲಿ? ಸಾವಿರಾರು ಕೋಳಿಗಳಿಗೆ ಕೊಳವೆಯಲ್ಲಿ ನೀರು ಕೊಡುವವರು ಎರಡು ತಂಡಗಳ ನಡುವೆ ಶೆಡ್ಡು ಖಾಲಿ ಇರುವಾಗ ಕೊಳವೆಯ ಲೋಳೆ ತೆಗೆಯಲು ಬಳಸಬಹುದು. ಕಂಪೆನಿಯ ಚೀಟಿಯಲ್ಲಿ ಬರೆದ ಪ್ರಮಾಣವನ್ನು ಮೀರಬಾರದು, ಅನಂತರ ಶುದ್ಧ ನೀರಿನಿಂದ ಕೊಳವೆಯನ್ನು ತೊಳೆಯಬೇಕು. ನೀರಿನಲ್ಲಿ ಲಸಿಕೆ ಕೊಡುವ ದಿನಗಳಲ್ಲಿ ಇದನ್ನಾಗಲಿ ಕ್ಲೋರಿನ್ನನ್ನಾಗಲಿ ಹಾಕಕೂಡದು, ಲಸಿಕೆಯೇ ಸತ್ತುಹೋಗುತ್ತದೆ. ಊರಿನ ಟ್ಯಾಂಕಿನ ಮಟ್ಟಿಗೆ, ತಯಾರಿಸುವ ಯಂತ್ರವೂ ಅಳೆಯುವ ಕೈಯೂ ಇಲ್ಲದ ಕಡೆ ಬ್ಲೀಚಿಂಗ್ ಪುಡಿಯೇ ಲೇಸು.

ಬೂಷ್ಟಿನ ವಿಚಾರದಲ್ಲೂ ಇದೇ ನ್ಯಾಯ. ಉಗ್ರಾಣದ ಗೋಡೆಯ ಬೂಷ್ಟನ್ನು ಔಷಧಿ ಕೊಲ್ಲಬಹುದು, ಆದರೆ ಸೋರುವ ಸೂರನ್ನು ಮುಚ್ಚದಿದ್ದರೆ ಮುಂದಿನ ಮಳೆಗೆ ಅದು ಮತ್ತೆ ಹಾಜರು. ಬೂಷ್ಟು ಹಿಡಿದ ಶೇಂಗಾ, ಮೆಕ್ಕೆಜೋಳಕ್ಕೆ ಔಷಧಿ ಹೊಡೆದು ತಿನ್ನಲು ಯೋಗ್ಯವಾಯಿತೆಂದು ಭಾವಿಸಬೇಡಿ. ಬೂಷ್ಟು ಸತ್ತರೂ ಅದು ಬಿಟ್ಟ ಅಫ್ಲಾಟಾಕ್ಸಿನ್ ವಿಷ ಕಾಳಿನಲ್ಲಿಯೇ ಉಳಿಯುತ್ತದೆ. ಹಸುವಿಗೆ ತಿನ್ನಿಸಿದರೆ ಹಾಲಿಗೂ ಇಳಿಯುತ್ತದೆ. ಚೆನ್ನಾಗಿ ಒಣಗಿಸಿ ಚೀಲ ಕಟ್ಟುವುದೇ ಇದಕ್ಕೆ ಮದ್ದು.

ಒಂದು ಅಪಾಯವನ್ನು ಮರೆಯದಿರಿ. ಬ್ಲೀಚಿಂಗ್ ಪುಡಿಯೊಡನೆ ಕಕ್ಕಸು ತೊಳೆಯುವ ಆಸಿಡ್ ಬೆರೆಸಿದರೆ ವಿಷಗಾಳಿ ಏಳುತ್ತದೆ. ಇವೆರಡನ್ನೂ ಒಂದೇ ಮೂಲೆಯಲ್ಲಿ ಇಡಲೂಬೇಡಿ.

ಈಗ ಮಾಡಬೇಕಾದ್ದು

ಜಲ ಜೀವನ್ ಮಿಷನ್ನಿನಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ತರಬೇತಿ ಕೊಡುವ, ಪರೀಕ್ಷಾ ಪೆಟ್ಟಿಗೆ ಒದಗಿಸುವ ಏರ್ಪಾಡು ಇದೆ. ನಲ್ಲಿಯ ನೀರಿಗೆ ಔಷಧಿಯ ಹನಿ ಹಾಕಿ ಬಣ್ಣವನ್ನು ಪಟ್ಟಿಯೊಡನೆ ಹೋಲಿಸಿದರೆ ಕ್ಲೋರಿನ್ ಉಳಿದಿದೆಯೇ ಎಂಬುದು ಕೆಲವೇ ನಿಮಿಷಗಳಲ್ಲಿ ತಿಳಿಯುತ್ತದೆ. ನಿಮ್ಮ ಊರಿನ ಪೆಟ್ಟಿಗೆ ಎಲ್ಲಿದೆ, ಯಾರ ಕೈಯಲ್ಲಿದೆ ಎಂದು ಗ್ರಾಮಸಭೆಯಲ್ಲಿ ಕೇಳಿರಿ. ಪರೀಕ್ಷೆಯನ್ನು ಟ್ಯಾಂಕಿನ ಬುಡದಲ್ಲಿ ಮಾಡಿ ಮುಗಿಸದೆ, ಎಲ್ಲಕ್ಕಿಂತ ದೂರದ ಕೇರಿಯ ನಲ್ಲಿಯಲ್ಲಿ ಮಾಡಿಸಿರಿ. ದಿನದ ಅಳತೆಯನ್ನು ಪಂಚಾಯಿತಿಯ ಹಲಗೆಯ ಮೇಲೆ ಬರೆಸಿರಿ. ಚರಂಡಿಗೆ ತಾಗಿದ ಕೊಳವೆಗಳ ಪಟ್ಟಿ ಮಾಡಿ, ಮಳೆಗಾಲಕ್ಕೆ ಮುಂಚೆಯೇ ರಿಪೇರಿ ಮಾಡಿಸಿರಿ.

ಒಡೆದ ಕೊಳವೆಯನ್ನು ಯಾವ ಔಷಧಿಯೂ ಬೆಸೆಯದು. ಮೊದಲು ರಿಪೇರಿ, ಆಮೇಲೆ ಶುಚಿ, ಅನಂತರ ಔಷಧಿ, ಕೊನೆಗೆ ತಪ್ಪದೆ ಅಳತೆ. ಈ ಕ್ರಮವನ್ನು ಹಿಡಿದ ಊರಿನಲ್ಲಿ ಹಳೆಯ ಪುಡಿಯೂ ಕೆಲಸ ಮಾಡುತ್ತದೆ, ಹೊಸ ಔಷಧಿಯೂ ಮಾಡುತ್ತದೆ.