ಮಂಗ ಸಾಯುವ ಮೊದಲೇ ಕಾಡಿಗೆ ಹೋಗಬೇಕು

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲಿನ ಊರುಗಳಲ್ಲಿ ಜನ ಜ್ವರದಿಂದ ಮಲಗಿದರು. ಹಳದಿ ಜ್ವರವೇ ಬಂತೇನೋ ಎಂಬ ಆತಂಕದಲ್ಲಿ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಧಾವಿಸಿ ಬಂದು, ಅದೇ ವರ್ಷ ಹೊಸ ವೈರಸ್ ಒಂದನ್ನು ಗುರುತಿಸಿದರು. ಹರಡುವುದು ಉಣುಗು ಎಂಬುದೂ ಗೊತ್ತಾಯಿತು. ಅಷ್ಟು ಚುರುಕಾಗಿ ಶುರುವಾದ ಕೆಲಸ ಆರು ದಶಕ ಕಳೆದರೂ ಮಲೆನಾಡಿನವರ ಕೈಗೆ ನೆಚ್ಚಿಕೊಳ್ಳುವಂಥ ಲಸಿಕೆ ಕೊಟ್ಟಿಲ್ಲ. ಸಾವಿನ ಸುದ್ದಿಗೆ ಎಚ್ಚೆತ್ತು ಮಳೆ ಬಿದ್ದೊಡನೆ ತಣ್ಣಗಾಗುವ ಸಂಶೋಧನೆಯಿಂದ ಮಂಗನ ಕಾಯಿಲೆ ಎಂದೇ ಹೆಸರಾದ ಈ ರೋಗ ಬಗ್ಗುವುದಿಲ್ಲ.

ಈ ವೈರಸ್ಸಿನ ಓಡಾಟ ನೋಡಿದರೆ ಕಾರಣ ತಿಳಿಯುತ್ತದೆ. ಬಲಿತ ಉಣುಗು ದನಗಳ ರಕ್ತ ಹೀರಿ ನೆಲಕ್ಕಿಳಿದು ಮೊಟ್ಟೆಯಿಡುತ್ತದೆ. ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು ಮರಿ ಉಣುಗು. ಎಳ್ಳುಕಾಳಿಗಿಂತ ಚಿಕ್ಕದು, ದರಗು ಗುಡಿಸುವವರ ಕಾಲಿಗೆ ಹತ್ತಿದರೂ ಕಣ್ಣಿಗೆ ಬೀಳದು. ಸೋಂಕು ತಗುಲಿದ ಮಂಗ ಸತ್ತಾಗ ಉಣುಗುಗಳು ಆ ಮೈ ಬಿಟ್ಟು ಸುತ್ತಲಿನ ನೆಲಕ್ಕೆ ಇಳಿಯುತ್ತವೆ. ಅಂದರೆ ಹೆಣ ನಮಗೆ ಕಾಣುವ ಹೊತ್ತಿಗೆ ಅಪಾಯ ದರಗಿನೊಳಗೆ ಸೇರಿಯಾಗಿರುತ್ತದೆ. ಮಂಗನ ಸಾವನ್ನೇ ಮೊದಲ ಸೂಚನೆಯೆಂದು ಕಾಯುವುದು ಎಂದರೆ ತಡವಾಗಿ ಹೊರಡುವುದು ಎಂದೇ ಅರ್ಥ.

ಲಸಿಕೆಯ ಕಥೆ ಇನ್ನೂ ನೋವಿನದು. 1990ರಿಂದ ಬಳಕೆಗೆ ಬಂದ ಲಸಿಕೆಯನ್ನು 2005ರಿಂದ 2010ರವರೆಗಿನ ಅಂಕಿಅಂಶಗಳಲ್ಲಿ ಪರಿಶೀಲಿಸಿದಾಗ, ಎರಡು ಡೋಸ್ ಪಡೆದವರಲ್ಲಿ ಅದರ ಪರಿಣಾಮ ಶೇ. 62ರಷ್ಟಿತ್ತು. ಕೂಲಿ ಬಿಟ್ಟು ಎರಡು ಸಲ ಬಂದು ಸೂಜಿ ಚುಚ್ಚಿಸಿಕೊಂಡವರಿಗೆ ಇಷ್ಟೇ ರಕ್ಷಣೆ! ಕೊನೆಗೆ 2022ರಲ್ಲಿ ಅದನ್ನೂ ಕೈಬಿಡಲಾಯಿತು. ಹಳೆಯದು ಸೋಲುತ್ತಿದ್ದಾಗಲೇ ಹೊಸದಕ್ಕೆ ಕೈಹಾಕಬೇಕಿತ್ತು.

ವರ್ಷಕ್ಕೆ ಕೆಲವು ನೂರು ಮಂದಿಗೆ ಬರುವ ರೋಗಕ್ಕೆ ಇಷ್ಟು ಹಣವೇಕೆ, ಡೆಂಗಿ, ಕ್ಷಯಗಳಿಗೆ ಬಳಸಬಾರದೇ ಎಂಬ ಮಾತಿದೆ. ಅವುಗಳ ಹೊರೆ ದೊಡ್ಡದು, ನಿಜ. ಆದರೆ ಇಲ್ಲಿ ಸೋಂಕಿತರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ, ಇದಕ್ಕೆಂದೇ ಔಷಧಿಯೂ ಇಲ್ಲ. ಶಿವಮೊಗ್ಗದ ಆಸುಪಾಸಿನ ರೋಗ ಎಂದುಕೊಂಡಿದ್ದು 2012ರ ನಂತರ ಬಂಡೀಪುರ, ವಯನಾಡು, ಗೋವಾ, ಸಿಂಧುದುರ್ಗಗಳಲ್ಲಿ ಕಾಣಿಸಿಕೊಂಡಿದೆ. ಇನ್ನು ಪ್ರಯೋಗಾಲಯದಲ್ಲೇ ಸೋಂಕು ತಗುಲುವ ಭಯ ಹುರುಳಿಲ್ಲದ್ದಲ್ಲ, ಹಿಂದೆ ಸಂಶೋಧಕರಿಗೇ ತಗುಲಿದೆ. ವೈರಸ್ ಬೆಳೆಸುವ ಕೆಲಸ ಪುಣೆಯ ಅತಿ ಸುರಕ್ಷಿತ ಪ್ರಯೋಗಾಲಯದಲ್ಲೇ ನಡೆಯಲಿ. ಉಣುಗು ಹಿಡಿದು ಲೆಕ್ಕ ಇಡುವ, ದನಗಳ ಮೈ ನೋಡುವ ಕೆಲಸವಂತೂ ಮಲೆನಾಡಿನಲ್ಲೇ ಆಗಬೇಕು. ಅದಕ್ಕೆ ಖಾಯಂ ಕೀಟತಜ್ಞರು, ಪಶುವೈದ್ಯರು ಬೇಕು. ಕೆಲಸ ಶುರುವಾಗಬೇಕಾದ್ದು ಮಳೆ ನಿಂತು ಉಣುಗಿನ ಮರಿಗಳು ಏಳುವ ಅಕ್ಟೋಬರಿನಲ್ಲಿ.