ದಂಡದ ಕಾಯಿದೆಯೂ ಮನೆಯ ಪೀಪಾಯಿಯೂ

ಸೊಳ್ಳೆಯ ಕಾಟವೆಂದೊಡನೆ ನಮ್ಮ ತಲಘಟ್ಟಪುರದ ಮಹಾಜನರು ಕೆರೆಯನ್ನೂ ಚರಂಡಿಯನ್ನೂ ದೂರುವರು. ಆದರೆ ಡೆಂಗಿ ಜ್ವರವನ್ನು ಹರಡುವ ಈಡಿಸ್ ಸೊಳ್ಳೆಯು ಹೆಚ್ಚಾಗಿ ನಾವು ಮನೆಯಲ್ಲಿ ಕೂಡಿಟ್ಟ ತಿಳಿನೀರಿನಲ್ಲಿಯೇ ಹುಟ್ಟಿ, ಹಗಲು ಹೊತ್ತಿನಲ್ಲಿಯೇ ಕಚ್ಚುವುದು.

ಈ ಪಾಠವು ಬೆಂಗಳೂರಿಗೆ ಹೊಸತಲ್ಲ. 1883ರಲ್ಲಿ ಇಲ್ಲಿಯ ದಂಡಿನಲ್ಲಿ ವೈದ್ಯರಾಗಿದ್ದ ರೊನಾಲ್ಡ್ ರಾಸ್ ಎಂಬವರು ತಮ್ಮ ಬಂಗಲೆಯ ಕಿಟಕಿಯ ಹೊರಗಿದ್ದ ಪೀಪಾಯಿಯಲ್ಲಿ ಸೊಳ್ಳೆಯ ಮರಿಗಳನ್ನು ಕಂಡು, ಅದನ್ನು ಬೋರಲು ಹಾಕಲು, ಕಾಟವು ಬಹುಮಟ್ಟಿಗೆ ತಗ್ಗಿತು. ಮಲೇರಿಯಾದ ಕ್ರಿಮಿಯನ್ನು 1897ರಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಕಂಡುಹಿಡಿದು, 1902ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದವರು ಇವರೇ.

2024ರಲ್ಲಿ ಕರ್ನಾಟಕ ಸರಕಾರವು ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಸಾರಿ, ಸೊಳ್ಳೆ ಬೆಳೆಯಗೊಟ್ಟ ಪಟ್ಟಣದ ಮನೆಗೆ 400 ರೂಪಾಯಿಯನ್ನೂ ಕಟ್ಟಡ ಏಳುತ್ತಿರುವ ನಿವೇಶನಕ್ಕೆ 2000 ರೂಪಾಯಿಯನ್ನೂ ದಂಡವಾಗಿ ಗೊತ್ತುಮಾಡಿತು. ವಕೀಲನಾದ ನಾನು ಇದನ್ನು ನ್ಯಾಯವೆಂದೇ ಹೇಳುವೆನು. ಏಕೆಂದರೆ ಒಬ್ಬನ ಪೀಪಾಯಿಯ ಸೊಳ್ಳೆಯು ನೆರೆಮನೆಯ ಕೂಸನ್ನು ಕಚ್ಚುವುದು. ಆದರೆ ದಿನವೂ ನಲ್ಲಿಯಲ್ಲಿ ನೀರು ಬಾರದ ಬಡವನು ನೀರನ್ನು ಕೂಡಿಡದೆ ಏನು ಮಾಡಿಯಾನು? ದಂಡ ವಿಧಿಸುವ ಅಧಿಕಾರವುಳ್ಳವರಿಗೆ ನೀರೊದಗಿಸುವ ಹೊಣೆಯೂ ಉಂಟು.

ಹಾಗೆಂದು ನಾವು ಕೈಕಟ್ಟಿ ಕುಳಿತಿರಲಾಗದು. ಮೊಟ್ಟೆಯು ಸೊಳ್ಳೆಯಾಗಲು ಸುಮಾರು ಒಂದು ವಾರ ಸಾಕು. ಆದುದರಿಂದ ವಾರಕ್ಕೊಮ್ಮೆ ನೀರಿನ ಪಾತ್ರೆಗಳನ್ನು ಬರಿದುಮಾಡಿ, ಒಳಮೈಯನ್ನು ತಿಕ್ಕಿ ತೊಳೆದು ಒಣಗಿಸತಕ್ಕದ್ದು. ಅಂಟಿಕೊಂಡ ಮೊಟ್ಟೆಗಳು ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕಬಲ್ಲವು. ತುಂಬಿದ ಮೇಲೆ ಬಿಗಿಯಾಗಿ ಮುಚ್ಚತಕ್ಕದ್ದು. ಉಪಾಧ್ಯಾಯರು ಶನಿವಾರದ ಒಂದು ಗಳಿಗೆಯನ್ನು ಇದಕ್ಕೆ ಮೀಸಲಿಟ್ಟು, ಮಕ್ಕಳಿಗೆ ನೀರಿನಲ್ಲಿಯ ಮರಿಗಳನ್ನು ಕಣ್ಣಾರೆ ತೋರಿಸಲಿ. ಒಮ್ಮೆ ಕಂಡ ಮಗುವು ಮನೆಯ ಹಿರಿಯರನ್ನು ಸುಮ್ಮನಿರಗೊಡದು.